ಒತ್ತಡದ ಅಳತೆ

ಹೀರುವ ಪಂಪು ನೀರನ್ನು ಸುಮಾರು 34 ಅಡಿಗಿಂತ ಮೇಲಕ್ಕೆ ಏಕೆ ಎತ್ತಲಾರದು? ಇಟಲಿಯ ಪಂಡಿತರನ್ನು ಕಾಡಿದ ಈ ಪ್ರಶ್ನೆಗೆ ಟಾರಿಚೆಲ್ಲಿಯು 1644ರಲ್ಲಿ ಉತ್ತರವಿತ್ತನು: ನೀರನ್ನು ಏರಿಸುವುದು ಹೊರಗಿನ ವಾಯುವಿನ ಭಾರ. ನೀರಿಗಿಂತ ಹದಿಮೂರೂವರೆ ಪಾಲು ತೂಕವುಳ್ಳ ಪಾದರಸವನ್ನು ಆ ಭಾರವು ಸುಮಾರು 30 ಅಂಗುಲ ಮಾತ್ರ ಎತ್ತಿ ಹಿಡಿಯಿತು. 1648ರಲ್ಲಿ ಪಾಸ್ಕಲನ ಕೋರಿಕೆಯಂತೆ ಅವನ ಭಾವ ಪೆರಿಯೆಯು ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟವನ್ನೇರಿ ನೋಡಲು, ಶಿಖರದಲ್ಲಿ ಪಾದರಸವು ಮೂರಂಗುಲಕ್ಕೂ ಮಿಗಿಲಾಗಿ ಇಳಿದಿತ್ತು. ಹೀಗೆ ಪಾದರಸದ ಎತ್ತರವೇ ಒತ್ತಡದ ಅಳತೆಯಾಯಿತು.

ಬಳಿಕ ಹಬೆಯಂತ್ರಗಳು ಬಂದವು. ಇಂಗ್ಲೆಂಡಿನವರು ಚದರಂಗುಲಕ್ಕೆ ಇಷ್ಟು ಪೌಂಡು ಎಂದರು. ಫ್ರಾನ್ಸು ಜರ್ಮನಿಗಳವರು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂದರು. ಈ ಒಂದು ಕಿಲೋಗ್ರಾಂ ಒತ್ತಡವು ಆ 14.22 ಪೌಂಡಿಗೆ ಸಮ. ಹತ್ತು ಪೌಂಡನ್ನು ತಾಳುವಂತೆ ಕಟ್ಟಿದ ಬಾಯ್ಲರಿನಲ್ಲಿ ಹತ್ತು ಕಿಲೋಗ್ರಾಮಿನ ಹಬೆಯನ್ನು ತುಂಬಹೋದರೆ ಅದು ಸಿಡಿದು ಪ್ರಾಣಹಾನಿಯಾದೀತು. ಅಂಕಿ ಒಂದೇ, ಮಾನ ಬೇರೆ.

1971ರಲ್ಲಿ ರಾಷ್ಟ್ರಗಳ ಸಮ್ಮೇಳನವು, ಚದರ ಮೀಟರಿಗೆ ಒಂದು ನ್ಯೂಟನ್ ಬಲವೆಂಬ ಮಾನಕ್ಕೆ ಪಾಸ್ಕಲನ ಹೆಸರನ್ನಿತ್ತಿತು. ಪಾದರಸದ 760 ಮಿಲಿಮೀಟರು, ಚದರಂಗುಲಕ್ಕೆ 14.7 ಪೌಂಡು, 1,01,325 ಪಾಸ್ಕಲ್: ಮೂರೂ ಸಮುದ್ರಮಟ್ಟದ ಗಾಳಿಯ ಒಂದೇ ಒತ್ತಡವನ್ನು ಹೇಳುವುವು. ಆದುದರಿಂದ ಅಂಕಿಯನ್ನು ಕೇಳಿದೊಡನೆ ಅದರ ಮಾನವನ್ನೂ ಕೇಳುವುದು ಯುಕ್ತ.