ಕೂಸಿನ ನೋವು, ಅಫೀಮಿನ ಭಯ

ಕಳೆದ ವರ್ಷ ನನ್ನ ತಂಗಿಯ ಹತ್ತು ತಿಂಗಳ ಮಗುವಿಗೆ ಇಲ್ಲಿ ಮುಂಬಯಿಯಲ್ಲೇ ಸೀಳಂಗುಳದ ಶಸ್ತ್ರಕ್ರಿಯೆಯಾಯಿತು. ಅಂಗುಳೆಂದರೆ ಬಾಯಿಯ ಮೇಲ್ಚಾವಣಿ. ಗರ್ಭದಲ್ಲಿ ಅದರ ಎರಡು ಅಂಚುಗಳು ಕೂಡಿಕೊಳ್ಳದೆ ಉಳಿದರೆ ಕುಡಿದ ಹಾಲು ಮೂಗಿನಲ್ಲಿ ಬರುತ್ತದೆ, ಮುಂದೆ ಮಾತೂ ಮೂಗಿನಲ್ಲೇ ಬರುತ್ತದೆ. ಮಗುವನ್ನು ಹೊರಗೆ ಕರೆತಂದ ಮೇಲೆ ಹಾಸಿಗೆಯ ಬಳಿ ತೂಗಹಾಕಿದ್ದ ಪಟ್ಟಿಯಲ್ಲಿ ‘ಮಾರ್ಫೀನ್’ ಎಂಬ ಮಾತನ್ನು ಕಂಡು ತಂಗಿಯ ಗಂಡ ಬೆವೆತುಹೋದ. “ಕೂಸಿಗೆ ಅಫೀಮು ಕೊಟ್ಟಿದ್ದಾರಲ್ಲ ಭಾವ! ನೀವು ಬಿ.ಎಸ್ಸಿ. ಓದಿದವರು, ಹೋಗಿ ಕೇಳಿ” ಎಂದು ನನ್ನನ್ನು ದೂಡಿದ. ಅವನ ತಾಯಿ ಮಾತ್ರ ನಿಶ್ಚಿಂತೆಯಿಂದ, “ಎಳೆಗೂಸಿಗೆ ನೋವೇನು ತಿಳಿದೀತು? ಹಸಿವಿಗೆ ಅಳುತ್ತೆ, ಅಷ್ಟೆ” ಎಂದರು.

ರಸಾಯನಶಾಸ್ತ್ರ ಓದಿ ಇಪ್ಪತ್ತು ವರ್ಷ ಕೇಂದ್ರ ಸರಕಾರದ ಕಡತ ತಿರುವಿದವನಿಗೆ ಎರಡಕ್ಕೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಬಿಡುವಾದಾಗಲೆಲ್ಲ ಓದುತ್ತ ಹೋದಂತೆ, ತಂದೆಯ ಭಯಕ್ಕೂ ಅಜ್ಜಿಯ ನಿಶ್ಚಿಂತೆಗೂ ಪ್ರತ್ಯೇಕವಾದ ಚರಿತ್ರೆಯಿದೆಯೆಂದು ತಿಳಿಯಿತು.

ಮೊದಲು ಭಯದ ಕಥೆ. ಗಸಗಸೆ ಪಾಯಸ ಉಂಡು ಮಧ್ಯಾಹ್ನ ನಿದ್ದೆ ಹೋಗುವವರನ್ನು ನಾವು ಹಾಸ್ಯ ಮಾಡುತ್ತೇವೆ. ಆದರೆ ಮತ್ತಿನ ಸತ್ವವಿರುವುದು ಬೀಜದಲ್ಲಲ್ಲ, ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. 1800ರ ನಂತರದ ಮೊದಲ ವರ್ಷಗಳಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ ಔಷಧಿಕಾರ ಆ ಹಾಲಿನ ಅಫೀಮಿನಿಂದ ಒಂದು ಹರಳನ್ನು ಬೇರ್ಪಡಿಸಿದ. ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಅದು ಮಾರ್ಫೀನ್ ಆಯಿತು.

ಆದರೆ ಕೂಸುಗಳಿಗೆ ಅಫೀಮು ತಿನ್ನಿಸುವುದು ಅದಕ್ಕೂ ಹಳೆಯ ರೂಢಿ. ಇಂಗ್ಲೆಂಡಿನ ಕಾರ್ಖಾನೆಯ ಊರುಗಳಲ್ಲಿ ಬೆಲ್ಲದ ಪಾಕದಂಥ ದ್ರವದಲ್ಲಿ ಅಫೀಮು ಬೆರೆಸಿದ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಕುಡಿಸಿ ಮಕ್ಕಳನ್ನು ಮಲಗಿಸಿ ತಾಯಂದಿರು ಕೆಲಸಕ್ಕೆ ಹೋಗುತ್ತಿದ್ದರು. ಅಮೆರಿಕದಲ್ಲಿ 1849ರಿಂದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಎಂಬುದು ಮನೆಮನೆಗೂ ಹೋಯಿತು. ಅದರ ಒಂದು ಔನ್ಸಿನಲ್ಲಿ ಸುಮಾರು 65 ಮಿಲಿಗ್ರಾಂ ಮಾರ್ಫೀನ್ ಇತ್ತು. ಗುಮಾಸ್ತನ ಚಾಳಿ, ಲೆಕ್ಕ ಹಾಕಿದೆ: ಒಂದು ಚಮಚಕ್ಕೆ ಹತ್ತು ಮಿಲಿಗ್ರಾಂ ದಾಟುತ್ತದೆ. ಇಂದು ನೋವಿನಿಂದ ನರಳುವ ದೊಡ್ಡವರಿಗೆ ಒಂದು ಸಲಕ್ಕೆ ಚುಚ್ಚುವುದೇ ಸುಮಾರು ಅಷ್ಟು! ಸೀಸೆಯ ಮೇಲೆ ಒಳಗೇನಿದೆಯೆಂದು ಬರೆಯಬೇಕೆಂಬ ಕಾನೂನು ಬಂದದ್ದು 1906ರಲ್ಲಿ. 1911ರಲ್ಲಿ ಅಲ್ಲಿನ ವೈದ್ಯರ ಸಂಘ ಇಂಥ ಮದ್ದುಗಳನ್ನು ಶಿಶುಹಂತಕಗಳೆಂದೇ ಕರೆಯಿತು.

ಪರದೇಶದ ಮಾತೆಂದು ನಾವು ನಗುವಂತಿಲ್ಲ. ಇದೇ ಮುಂಬಯಿಯ ಗಿರಣಿಗಳ ಹೆಂಗಸರು ಕೂಸುಗಳಿಗೆ ‘ಬಾಳಗೋಳಿ’ ತಿನ್ನಿಸುತ್ತಿದ್ದರು. ಅದೂ ಅಫೀಮಿನ ಗುಳಿಗೆಯೇ. 1920ರ ದಶಕದ ಆರಂಭದಲ್ಲಿ ಸರಕಾರ ನೇಮಿಸಿದ್ದ ಡಾಕ್ಟರ್ ಬಾರ್ನ್ಸ್ ಎಂಬ ವೈದ್ಯೆ ವಿಚಾರಣೆ ನಡೆಸಿ, ಕಾರ್ಖಾನೆಯ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಹಾಕುತ್ತಾರೆಂದು ವರದಿ ಮಾಡಿದರು. ಆ ತಾಯಂದಿರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ದಿನವಿಡೀ ಗಿರಣಿಯಲ್ಲಿ ನಿಲ್ಲುವವಳು ಚಾಳಿನ ಕೋಣೆಯಲ್ಲಿ ಬಿಟ್ಟುಬಂದ ಕೂಸಿಗೆ ಇನ್ನೇನು ಮಾಡಬೇಕಿತ್ತು? ಹೇಗೂ ತಂಗಿಯ ಗಂಡನ ಬೆವರಿಗೆ ಕಾರಣ ಸಿಕ್ಕಿತು. ಅಲ್ಲಿ ಕೊಡುತ್ತಿದ್ದದ್ದು ನೋವಿಗಲ್ಲ, ಮೌನಕ್ಕೆ. ಉಸಿರನ್ನು ನೋಡುವವರು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಇನ್ನು ಅಜ್ಜಿಯ ಮಾತು. ಅದನ್ನು ಹಳೆಯ ಕಾಲದ ಅಜ್ಞಾನವೆಂದುಕೊಂಡಿದ್ದೆ. ಆದರೆ ದೊಡ್ಡ ದೊಡ್ಡ ವೈದ್ಯರೂ ಅದನ್ನೇ ನಂಬಿದ್ದರು! 1941ರಲ್ಲಿ ಅಮೆರಿಕದ ಮರ್ಟಲ್ ಮೆಕ್‌ಗ್ರಾ ಎಂಬ ಮನೋವಿಜ್ಞಾನಿ ಶಿಶುಗಳಿಗೆ ಗುಂಡುಸೂಜಿ ಚುಚ್ಚಿ ನೋಡಿ, ಹುಟ್ಟಿದ ಮೊದಲ ದಿನಗಳಲ್ಲಿ ನೋವಿನ ಅರಿವು ತೀರ ಮಂದವೆಂಬ ಅಭಿಪ್ರಾಯಕ್ಕೆ ಬಂದರು. 1965ರಲ್ಲಿ ಇನ್ನೊಂದು ಪ್ರಯೋಗ, ಮಾರ್ಫೀನ್ ನವಜಾತ ಶಿಶುಗಳ ಉಸಿರನ್ನು ಬಹಳವಾಗಿ ಕುಗ್ಗಿಸುತ್ತದೆಂದು ತೋರಿಸಿತು. ನೋವೂ ಇಲ್ಲ, ಮದ್ದೂ ಅಪಾಯ ಎಂದಮೇಲೆ ಕೊಡುವುದೇಕೆ? ಸ್ನಾಯುಗಳನ್ನು ಸಡಿಲಿಸುವ ಮದ್ದು, ಜೊತೆಗೆ ಸ್ವಲ್ಪ ನೈಟ್ರಸ್ ಆಕ್ಸೈಡ್ ಅನಿಲ, ಇಷ್ಟರಲ್ಲೇ ಎಷ್ಟೋ ಹಸುಗೂಸುಗಳಿಗೆ ದೊಡ್ಡ ಶಸ್ತ್ರಕ್ರಿಯೆಗಳಾದವು. ಸ್ನಾಯು ಸಡಿಲಿಸಿದ ಕೂಸು ಅಳಲಾರದು, ಕೈಕಾಲು ಬಡಿಯಲಾರದು. ಅದೇ ಸಮಾಧಾನವೆಂದು ಕಂಡಿತು.

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಮುಖ್ಯರು ನಮ್ಮ ದೇಶದವರೇ. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಸಿಂಗ್ ಆನಂದ್, ಶಸ್ತ್ರಕ್ರಿಯೆಯಾದ ಕೂಸುಗಳು ಏಕೆ ಇಷ್ಟು ಕಂಗೆಡುತ್ತವೆಂದು ಯೋಚಿಸಿ ಅವುಗಳ ರಕ್ತವನ್ನು ಪರೀಕ್ಷಿಸಿದರು. ಅಳಲಾರದ ಕೂಸಿನ ಪರವಾಗಿ ಅದರ ರಕ್ತವೇ ಸಾಕ್ಷಿ ಹೇಳಿತು. ಸಂಕಟದ ಹಾರ್ಮೋನುಗಳು ವಿಪರೀತ ಏರಿದ್ದವು. ಅಫೀಮಿನ ಗುಣದ್ದೇ ಆದ ಫೆಂಟಾನಿಲ್ ಎಂಬ ಮದ್ದನ್ನು ಜೊತೆಗೆ ಕೊಟ್ಟ ಶಿಶುಗಳಲ್ಲಿ ಆ ಏರಿಕೆ ತಗ್ಗಿತು, ಆಮೇಲಿನ ತೊಡಕುಗಳೂ ಕಡಿಮೆಯಾದವು. ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದದ್ದು 1987ರಲ್ಲಿ. ಅಷ್ಟರಲ್ಲಿ ಅಮೆರಿಕದಲ್ಲಿ ಒಬ್ಬ ತಾಯಿ, ದಿನ ತುಂಬುವ ಮೊದಲೇ ಹುಟ್ಟಿದ ತನ್ನ ಮಗುವಿಗೆ 1985ರಲ್ಲಿ ನೋವಿನ ಮದ್ದೇ ಇಲ್ಲದೆ ಎದೆಯ ಶಸ್ತ್ರಕ್ರಿಯೆ ಮಾಡಿದರೆಂದು, ಮಗು ತೀರಿಕೊಂಡ ಮೇಲೆ ತಿಳಿದು, ಪತ್ರಿಕೆಗಳ ಮೂಲಕ ದೇಶಕ್ಕೆಲ್ಲ ಕೇಳಿಸಿದ್ದರು. 1987ರಲ್ಲೇ ಅಲ್ಲಿನ ಮಕ್ಕಳ ವೈದ್ಯರ ಸಂಸ್ಥೆ, ಶಿಶುಗಳಿಗೂ ನೋವು ನಿವಾರಣೆ ಬೇಕೆಂದು ಹೇಳಿಕೆ ಕೊಟ್ಟಿತು. ಅಂದರೆ ನಾನು ಹುಟ್ಟಿದ ಕಾಲದವರೆಗೂ ಅಜ್ಜಿಯ ಮಾತೇ ವೈದ್ಯಶಾಸ್ತ್ರದ ಮಾತೂ ಆಗಿತ್ತು.

ಹಾಗಾದರೆ ಭಯವೆಲ್ಲ ಸುಳ್ಳೇ? ಅಲ್ಲ. ಸೀಳಂಗುಳದ ಚರಿತ್ರೆಯೆಂದರೆ ಮೊದಲಿನಿಂದಲೂ ಉಸಿರಿನ ಚರಿತ್ರೆಯೇ. ಶಸ್ತ್ರವೈದ್ಯನಿಗೂ ಬೇಕು ಬಾಯಿ, ಅರಿವಳಿಕೆಯವನಿಗೂ ಬೇಕು ಬಾಯಿ, ಉಸಿರಾಡಲು ಕೂಸಿಗೂ ಬೇಕು ಅದೇ ಬಾಯಿ. 1937ರಲ್ಲಿ ನ್ಯೂಕಾಸಲ್ಲಿನ ಫಿಲಿಪ್ ಏರ್ ಎಂಬ ವೈದ್ಯರು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಒಂದು ಸಾದಾ ನಳಿಕೆಯನ್ನು ಇದಕ್ಕೆಂದೇ ಬಳಕೆಗೆ ತಂದರು. ಅದರಲ್ಲಿ ಕವಾಟವಿಲ್ಲ, ಕೂಸು ಉಸಿರಿಗಾಗಿ ಹೆಣಗಬೇಕಾಗಿಲ್ಲ. ಏರ್ ಅವರೂ ಸೀಳುತುಟಿ ಸೀಳಂಗುಳದೊಂದಿಗೇ ಹುಟ್ಟಿದವರೆಂದು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅಂಗುಳನ್ನು ಹೊಲಿದ ಮೇಲಿನ ರಾತ್ರಿಯೇ ಕಷ್ಟದ್ದು. ಅಗಲವಾಗಿದ್ದ ದಾರಿ ಕಿರಿದಾಗಿದೆ; ಬಾಯಿ ತೆರೆದಿಡುವ ಉಪಕರಣದ ಒತ್ತಡಕ್ಕೆ ನಾಲಿಗೆ ಊದಿರಬಹುದು; ರಕ್ತ, ಜೊಲ್ಲು ಬೇರೆ. ಕೆಳದವಡೆ ಚಿಕ್ಕದಾಗಿ ಹುಟ್ಟಿದ ಕೂಸಾದರೆ ಇನ್ನೂ ಇಕ್ಕಟ್ಟು. ಮಾರ್ಫೀನ್, ಮಿದುಳು ಉಸಿರಿಗೆ ಕೊಡುವ ಎಚ್ಚರಿಕೆಯನ್ನು ಮಂದಮಾಡುತ್ತದೆ. ನವಜಾತ ಶಿಶುವಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕಲು ದೊಡ್ಡವರಿಗಿಂತ ಬಹಳ ಹೆಚ್ಚು ಹೊತ್ತು ಬೇಕು. ಅಂಗುಳಿನ ಶಸ್ತ್ರಕ್ರಿಯೆ ಸಾಮಾನ್ಯವಾಗಿ ನಡೆಯುವ ಒಂಬತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಬಂದಿರುತ್ತದೆ. ಆದ್ದರಿಂದ ಆ ವಯಸ್ಸಿಗೆ ಮದ್ದಿಗಿಂತ ಹೆಚ್ಚು ಕಾಯಬೇಕಾದದ್ದು ಗಂಟಲಿನ ದಾರಿಯನ್ನು.

ಇಲ್ಲಿ ಒಂದು ವಿಚಿತ್ರವೂ ನಡೆಯಿತು. ಮಾರ್ಫೀನಿಗೆ ಹೆದರಿದವರು ಮಕ್ಕಳಿಗೆ ‘ಸೌಮ್ಯ’ವೆಂದು ಕೋಡೀನ್ ಕೊಡುತ್ತಿದ್ದರು. ಕೋಡೀನ್ ಕೆಲಸ ಮಾಡುವುದು ದೇಹದೊಳಗೆ ಮಾರ್ಫೀನ್ ಆಗಿ ಮಾರ್ಪಟ್ಟೇ. ಕೆಲವರ ದೇಹ ಹುಟ್ಟುಗುಣದಿಂದಲೇ ಅದನ್ನು ಭರದಿಂದ ಮಾರ್ಪಡಿಸುತ್ತದೆ, ಕೆಲವರದು ಮಾರ್ಪಡಿಸುವುದೇ ಇಲ್ಲ. ಗಂಟಲ ಗ್ರಂಥಿ ತೆಗೆಸಿಕೊಂಡ ಕೆಲವು ಮಕ್ಕಳು ಸಾಮಾನ್ಯ ಪ್ರಮಾಣಕ್ಕೇ ಉಸಿರು ನಿಂತು ತೀರಿಕೊಂಡರು. 2013ರಲ್ಲಿ ಅಮೆರಿಕದ ಔಷಧ ಇಲಾಖೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟು, 2017ರಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಕೋಡೀನ್ ಕೂಡದೆಂದಿತು. ಸಾಧುವೆಂದು ನಂಬಿದ್ದೇ ಲೆಕ್ಕಕ್ಕೆ ಸಿಗದ್ದಾಯಿತು. ತೂಕ ನೋಡಿ ಕೊಡುವ ಮಾರ್ಫೀನೇ ಹೆಚ್ಚು ಲೆಕ್ಕಕ್ಕೆ ಸಿಗುತ್ತದೆ.

ಈಗ ಮಾರ್ಫೀನನ್ನೂ ಕಡಿಮೆ ಮಾಡುವ ದಾರಿಗಳಿವೆ. ಪ್ಯಾರಾಸಿಟಮಾಲ್ ಇದೆ, ಮೇಲ್ದವಡೆಯ ನರಕ್ಕೆ ಜೋಮಿನ ಮದ್ದು ಚುಚ್ಚುವ ಕ್ರಮವಿದೆ. ಫ್ರಾನ್ಸಿನಲ್ಲಿ ಹೀಗೆ ಚುಚ್ಚಿ ನೋಡಿ, ಎರಡು ದಿನಗಳಲ್ಲಿ ಬೇಕಾದ ಮಾರ್ಫೀನ್ ಸುಮಾರು ಅರ್ಧಕ್ಕಿಳಿಯಿತೆಂದು 2014ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ತೊಂದರೆ ಬೇರೆಯ ಬಗೆಯದು. 1985ರ ಮಾದಕ ವಸ್ತುಗಳ ಕಾಯಿದೆಯ ನಂತರ ಪರವಾನಗಿಗಳ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫೀನ್ ಇಡುವುದನ್ನೇ ಬಿಟ್ಟವು; 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಲೆಂದೇ ಬಂದದ್ದು. ನಾನೂ ಕಾಗದದ ಮನುಷ್ಯ, ಆ ಗಂಟಿನ ಬಿಗಿ ಬಲ್ಲೆ.

ಅಂದು ರಾತ್ರಿ ಅರಿವಳಿಕೆಯ ವೈದ್ಯೆಯನ್ನು ಕೇಳಿಯೇಬಿಟ್ಟೆ. ಆಕೆ ಬೇಸರಿಸದೆ, “ಸ್ವಲ್ಪವೇ ಕೊಟ್ಟಿದ್ದೇವೆ. ಅಳು ನಿಲ್ಲಿಸುವುದಕ್ಕಲ್ಲ, ಹಾಲು ಕುಡಿಯುವಷ್ಟು ನೋವು ತಗ್ಗಲೆಂದು. ಉಸಿರು ಕುಗ್ಗಿದರೆ ತಿರುಗಿಸುವ ಮದ್ದು, ನಲೊಕ್ಸೋನ್, ಇಗೋ ಇಲ್ಲೇ ಇದೆ” ಎಂದು ತಟ್ಟೆ ತೋರಿಸಿದರು. ಮಗುವಿನ ಕಾಲ ಹೆಬ್ಬೆರಳಿಗೆ ಸುತ್ತಿದ್ದ ಕೆಂಪು ದೀಪ ರಕ್ತದ ಆಮ್ಲಜನಕವನ್ನು ಅಳೆಯುತ್ತಿತ್ತು. ಜಪಾನಿನ ಅಓಯಾಗಿ ಎಂಬವರು 1970ರ ದಶಕದಲ್ಲಿ ಕಂಡುಹಿಡಿದ ಉಪಾಯವದು. ಅಷ್ಟಾದರೂ ದಾದಿ ಆಗಾಗ ಬಂದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಮಗುವಿನ ಎದೆಯ ಏರಿಳಿತ ಎಣಿಸಿ ಬರೆದುಕೊಂಡು ಹೋಗುತ್ತಿದ್ದಳು. ಬೆಳಗಿನ ನಾಲ್ಕರ ಹೊತ್ತಿಗೆ ತಂಗಿಯ ಗಂಡನೂ ಅವಳ ಜೊತೆಗೆ ಎಣಿಸತೊಡಗಿದ್ದ.