ಒಂಟಿಮನೆಯ ಅಂಗಳದಲ್ಲಿ ತಿರುಗುವ ಡಿಶ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದ ಮನೆಗಳ ಅಂಗಳಕ್ಕೆ ಎಂಟು ಹತ್ತು ಅಡಿಯ ಡಿಶ್ ಬಂದದ್ದನ್ನು ಅಡಿಕೆ ಧಾರಣೆ ಏರಿದ ಕಾಲದ ಷೋಕಿ ಎಂದು ಹೇಳಿ ಮುಗಿಸುವವರಿದ್ದಾರೆ. ಧಾರಣೆಯ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಡಿಶ್ ತರಿಸಿದ್ದು ಗುಡ್ಡ ಎಂಬುದು ನನ್ನ ವಾದ. ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾಯಿತು. ಅದರ ಮಧ್ಯಮ ತರಂಗ ನೆಲದ ಏರಿಳಿತವನ್ನು ಅನುಸರಿಸಿ ಕಣಿವೆಗೂ ಇಳಿಯುತ್ತಿತ್ತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಟೀವಿಯ ತರಂಗಕ್ಕೆ ಹಾಗೆ ಬಳಸಿಕೊಂಡು ಬರುವ ಗುಣ ಕಡಿಮೆ. ಮರುಪ್ರಸಾರದ ಗೋಪುರಕ್ಕೂ ಮನೆಗೂ ನಡುವೆ ಗುಡ್ಡವಿದ್ದರೆ ಅಡಿಕೆ ಮರದಷ್ಟು ಎತ್ತರದ ಕಂಬ ನೆಟ್ಟು ಬೂಸ್ಟರ್ ಹಾಕಿದರೂ ತೆರೆಯ ತುಂಬ ಚುಕ್ಕೆಗಳೇ. ಉಪಗ್ರಹದ ಸಂಗತಿ ಬೇರೆ. ಅದು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿದೆ. ಶೃಂಗೇರಿ ಇರುವುದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅಲ್ಲಿಂದ ನೋಡಿದರೆ 83 ಡಿಗ್ರಿಯ ಇನ್ಸಾಟ್ ದಿಗಂತದಿಂದ 72 ಡಿಗ್ರಿ ಮೇಲಿರುತ್ತದೆ, 105.5 ಡಿಗ್ರಿಯ ಏಷ್ಯಾಸ್ಯಾಟ್ ಕೂಡ 52 ಡಿಗ್ರಿ ಮೇಲೆ. ಅಷ್ಟು ಎತ್ತರಕ್ಕೆ ಯಾವ ಗುಡ್ಡವೂ ಅಡ್ಡ ಬರುವುದಿಲ್ಲ. ತೋಟದ ಅಂಚಿನಿಂದ ನಾಲ್ಕು ಹೆಜ್ಜೆ ಈಚೆಗೆ ನಿಲ್ಲಿಸಿದರೆ ಅಡಿಕೆ ಮರವೂ ಬರುವುದಿಲ್ಲ.

ಆದರೂ ಕರ್ನಾಟಕದ ಹಳ್ಳಿಗಳಲ್ಲಿ ಡಿಶ್ ಮೊದಲು ನಿಂತದ್ದು ಮಲೆನಾಡಿನಲ್ಲಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ಕೋಳಿಬಲೆಯ 10 ಅಡಿ ಡಿಶ್‌ಗಳು ಬಂದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಬಯಲಿಗೆ. ಅಲ್ಲಿ ಡಿಶ್ ಇಡೀ ಊರಿನದು. ತೊಂಬತ್ತರ ದಶಕದಲ್ಲಿ ಪೇಟೆಗಳಿಗೆ ಬಂದ ಡಿಶ್ ಕೇಬಲ್ಲಿನವರದು: ಒಂದೊಂದು ಉಪಗ್ರಹಕ್ಕೆ ಒಂದೊಂದು ಡಿಶ್ ನಿಲ್ಲಿಸಿ, ಬೀದಿಯುದ್ದಕ್ಕೂ ತಂತಿ ಎಳೆದು, ಮನೆಮನೆಯಿಂದ ತಿಂಗಳ ಹಣ ಎತ್ತುತ್ತಿದ್ದರು. ಕೊಪ್ಪ, ಶೃಂಗೇರಿ ಪೇಟೆಗಳಿಗೆ ಈ ಲೆಕ್ಕ ಹೊಂದೀತು. ಪೇಟೆ ದಾಟಿದರೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ಹಳ್ಳ, ಹಾಡ್ಯ. ಒಂದೇ ಗಿರಾಕಿಗಾಗಿ ಮೈಲುಗಟ್ಟಲೆ ತಂತಿ ಎಳೆದು, ಪ್ರತಿ ಮಳೆಗಾಲ ಅದರ ಮೇಲೆ ಬಿದ್ದ ಮರ ಎತ್ತಿಸುವವರು ಯಾರು? ಒಂಟಿಮನೆಯ ಯಜಮಾನನೇ ತನ್ನ ಮನೆಯ ಕೇಬಲ್ಲಿನವನೂ ಆಗಬೇಕಾಯಿತು.

ಡಿಶ್ ತಿರುಗಿಸುವ ಮೋಟಾರಿನ ಪ್ರಶ್ನೆ ಹುಟ್ಟಿದ್ದು ಇಲ್ಲಿ. 1990ರ ಏಪ್ರಿಲ್‌ನಲ್ಲಿ ಏಷ್ಯಾಸ್ಯಾಟ್-1 ಹಾರಿತು, ಮರುವರ್ಷ ಸ್ಟಾರ್, 1992ರ ಅಕ್ಟೋಬರ್‌ನಲ್ಲಿ ಝೀ ಅದರ ಮೂಲಕ ಬಂದವು. ಆ ಹಂತದಲ್ಲಿ ಡಿಶ್ಶನ್ನು ಒಂದೇ ಕಡೆ ಬಿಗಿದರೆ ಸಾಕಿತ್ತು. 1995ರ ನಂತರ 68.5 ಡಿಗ್ರಿಯಲ್ಲಿ ಪ್ಯಾನ್‌ಆ್ಯಮ್‌ಸ್ಯಾಟ್-4 ಬಂದು ಸೋನಿ, ಇಎಸ್‌ಪಿಎನ್ ಪಶ್ಚಿಮಕ್ಕೆ, ಸ್ಟಾರ್ ಪೂರ್ವಕ್ಕೆ ಎಂದಾಯಿತು. ಕ್ರಿಕೆಟ್ಟೂ ಬೇಕು, ಸಿನಿಮಾವೂ ಬೇಕು ಎಂದವರಿಗೆ ಎರಡು ಮೂರು ಡಿಶ್ ನಿಲ್ಲಿಸುವುದು ಒಂದು ದಾರಿ. ಒಂದನ್ನೇ ಮೋಟಾರಿನಿಂದ ತಿರುಗಿಸುವುದು ಇನ್ನೊಂದು. ಇದಕ್ಕೆ ಬೇಕಾದ ಪೋಲಾರ್ ಮೌಂಟಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿರಬೇಕು, ಎಂದರೆ ಇಲ್ಲಿ ನೆಲದಿಂದ ಹದಿಮೂರೂವರೆ ಡಿಗ್ರಿಯಷ್ಟೇ ಎದ್ದಿರಬೇಕು. 36 ವೋಲ್ಟಿನ ಆ್ಯಕ್ಚುಯೇಟರ್ ತೋಳು ನೀಳವಾದಂತೆ, ಗಿಡ್ಡವಾದಂತೆ ಡಿಶ್ ಪೂರ್ವಪಶ್ಚಿಮವಾಗಿ ವಾಲುತ್ತದೆ. ಕಂಬ ಕೂದಲೆಳೆಯಷ್ಟು ಓರೆಯಾದರೂ ನಡುವಿನ ಉಪಗ್ರಹ ಸಿಕ್ಕು ಕೊನೆಯವು ತಪ್ಪುತ್ತವೆ. ಜೊತೆಗೆ ಮಲೆನಾಡಿನದೇ ಒಂದು ತೊಡಕು ಇತ್ತು. ಡಿಶ್ ಇಲ್ಲಿ ಹೆಚ್ಚುಕಡಿಮೆ ಅಂಗಾತ ಮಲಗುವುದರಿಂದ ಫೈಬರಿನದಾದರೆ ತಳದಲ್ಲಿ ನೀರು, ತರಗೆಲೆ ನಿಲ್ಲುತ್ತದೆ; ತೂತು ಕೊರೆಯದೆ ಗತಿಯಿಲ್ಲ. ಜಾಲರಿಯದಾದರೆ ನೀರು ತಾನೇ ಸೋರುತ್ತದೆ, ಗಾಳಿಯ ಹೊಡೆತವೂ ಕಡಿಮೆ. ಜಾಲರಿ ಡಿಶ್ಶೇ ಈ ಸೀಮೆಗೆ ಸರಿಯಾದ ಆಯ್ಕೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೋಟಾರಿನ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ. ಆಗುಂಬೆಯ ನೆರೆಯ ಮಳೆ ಕಬ್ಬಿಣದ ತೋಳನ್ನು ಬಿಡುವುದಿಲ್ಲ, ಮುಂಗಾರಿಗೆ ಮುಂಚಿನ ಸಿಡಿಲು ತಂತಿಯಗುಂಟ ಒಳಗೆ ಬಂದು ರಿಸೀವರನ್ನೇ ಸುಡುತ್ತದೆ.

ಗದ್ದೆ ಕೆಲಸದ ಊರಿಗೆ ವಿದೇಶಿ ವಾಹಿನಿ ಏಕೆ ಬೇಕಿತ್ತು ಎಂಬ ಆಕ್ಷೇಪವೂ ಉಂಟು. ತೊಂಬತ್ತರ ದಶಕದ ಬಹುಭಾಗ ಖಾಸಗಿ ವಾಹಿನಿಗಳಿಗೆ ದೇಶದೊಳಗಿಂದ ಉಪಗ್ರಹಕ್ಕೆ ಕಾರ್ಯಕ್ರಮ ಏರಿಸುವ ಅನುಮತಿಯೇ ಇರಲಿಲ್ಲ ಎಂಬುದನ್ನು ಆಕ್ಷೇಪಿಸುವವರು ಮರೆಯುತ್ತಾರೆ. 1994ರಲ್ಲಿ ಆರಂಭವಾದ ಕನ್ನಡದ ಉದಯ ಟೀವಿಯೂ, ಅದಕ್ಕೂ ಒಂದು ವರ್ಷ ಮೊದಲು ಬಂದ ಮಲಯಾಳಂನ ಏಷ್ಯಾನೆಟ್ ಕೂಡ ಹೊರದೇಶದ ದಾರಿಯಲ್ಲೇ ಮನೆಗೆ ಬರಬೇಕಿತ್ತು. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಿರುವ ನರಸಿಂಹರಾಜಪುರದ ಕಡೆ ಈ ಎರಡನೆಯದಕ್ಕೂ ಬೆಲೆಯಿತ್ತು. ಸ್ವಂತ ಭಾಷೆಯನ್ನು ಕೇಳಲು ಆಕಾಶಕ್ಕೆ ಮುಖ ಮಾಡಿದವರನ್ನು ಪರದೇಶದ ಮೋಹಿಗಳೆಂದರೆ ಅದು ಅನ್ಯಾಯ.

2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡಿಟಿಎಚ್ ಬಂದ ಮೇಲೆ ಬೇಕಾದ ವಾಹಿನಿಗಳು ಒಂದೇ ಕಡೆ ಸೇರಿದವು, ಮೋಟಾರಿಗೆ ಕೆಲಸವಿಲ್ಲದಾಯಿತು. ಹಾಗಾದರೆ ಹಿಂದಿನ ಆಯ್ಕೆ ದಂಡವೇ? ಅಲ್ಲ. ಹೊಸ ಪುಟ್ಟ ಡಿಶ್‌ನ ಕೆಯು-ಬ್ಯಾಂಡ್ ಜೋರು ಮಳೆಗೆ ಕಣ್ಣು ಮುಚ್ಚುತ್ತದೆ. 4 ಗಿಗಾಹರ್ಟ್ಸ್ ಆಸುಪಾಸಿನ ಹಳೆಯ ಸಿ-ಬ್ಯಾಂಡ್ ಮುಂಗಾರನ್ನೂ ಹಾಯ್ದು ಬರುತ್ತದೆ. ಎಂಟಡಿಯ ಜಾಲರಿ ಇನ್ನೂ ಗಟ್ಟಿಯಾಗಿದ್ದರೆ ಗುಜರಿಯವನನ್ನು ಕರೆಯುವ ಮುನ್ನ ಅದಕ್ಕೊಂದು ಡಿಜಿಟಲ್ ರಿಸೀವರ್ ಜೋಡಿಸಿ ನೋಡಿ.