ಕೀಫ್ರೇಮ್ ಪದ್ಧತಿಯ ಇತಿಹಾಸ

ಅನಿಮೇಷನ್‌ನಲ್ಲಿ ಒಂದು ಚಲನೆಯ ನಿರ್ಣಾಯಕ ಘಟ್ಟಗಳನ್ನು ಮಾತ್ರ ಕಲಾವಿದ ನಿಗದಿಪಡಿಸಿ, ನಡುವಿನ ಸ್ಥಿತಿಗಳನ್ನು ಸಹಾಯಕರಿಗೋ ಯಂತ್ರಕ್ಕೋ ಬಿಡುವ ಪದ್ಧತಿಯಲ್ಲಿ, ಹಾಗೆ ನಿಗದಿಯಾದ ಘಟ್ಟವನ್ನು ಕೀಫ್ರೇಮ್ ಎನ್ನುತ್ತಾರೆ. ಅಕ್ಷರ, ಲಾಂಛನ, ನಕ್ಷೆ, ಛಾಯಾಚಿತ್ರ ಮುಂತಾದವನ್ನು ಪರದೆಯ ಮೇಲೆ ಚಲಿಸುವಂತೆ ಮಾಡುವ ಮೋಷನ್ ಗ್ರಾಫಿಕ್ಸ್ ತಂತ್ರಾಂಶಗಳಲ್ಲಿ ಇದು ಟೈಮ್‌ಲೈನ್ ಎಂಬ ಕಾಲಪಟ್ಟಿಯ ಮೇಲಿನ ಸಣ್ಣ ವಜ್ರಾಕೃತಿಯ ಗುರುತಾಗಿ ಕಾಣುತ್ತದೆ. ಪದ್ಧತಿ ಮಾತ್ರ ಕಂಪ್ಯೂಟರಿಗಿಂತ ಹಳೆಯದು.

ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ 1914ರಲ್ಲಿ ‘ಗರ್ಟಿ ದ ಡೈನೋಸಾರ್’ ಚಿತ್ರಕ್ಕಾಗಿ ಸಾವಿರಾರು ಹಾಳೆಗಳನ್ನು ಬರೆಯುವಾಗ, ಮೊದಲ ಹಾಳೆಯಿಂದ ಕೊನೆಯದರವರೆಗೆ ಸಾಲಾಗಿ ಸಾಗದೆ, ಪ್ರಾಣಿಯ ಮುಖ್ಯ ಭಂಗಿಗಳನ್ನು ಮೊದಲು ಬರೆದುಕೊಂಡು ಬಳಿಕ ನಡುವಿನ ಅಂತರವನ್ನು ಭಾಗಿಸುತ್ತ ತುಂಬುವ ಕ್ರಮವನ್ನು ಅನುಸರಿಸಿದ. ಸಾಲಾಗಿ ಬರೆಯುತ್ತ ಹೋದರೆ ಆಕೃತಿ ಹಿಗ್ಗಿಯೋ ಕುಗ್ಗಿಯೋ, ತಲುಪಬೇಕಾದ ಜಾಗವನ್ನು ತಲುಪದೆಯೋ ಹೋಗುವ ಅಪಾಯವಿರುತ್ತದೆ. ಮುಖ್ಯ ಭಂಗಿಗಳು ಮೊದಲೇ ನಿಂತಿದ್ದರೆ ಆ ಅಪಾಯವಿಲ್ಲ.

1930ರ ದಶಕದ ಹೊತ್ತಿಗೆ ಡಿಸ್ನಿ ಮುಂತಾದ ಸ್ಟುಡಿಯೋಗಳಲ್ಲಿ ಈ ಕ್ರಮವೇ ಉದ್ಯೋಗಗಳ ಶ್ರೇಣಿಯಾಗಿ ಗಟ್ಟಿಗೊಂಡಿತು. ಹಿರಿಯ ಕಲಾವಿದ ಚಲನೆಯ ತುತ್ತತುದಿಯ ಭಂಗಿಗಳನ್ನು ಬರೆದರೆ, ಇನ್‌ಬಿಟ್ವೀನರ್ ಎಂದು ಕರೆಯಲಾಗುತ್ತಿದ್ದ ಕಿರಿಯ ಸಹಾಯಕರು ಮಧ್ಯದ ಚಿತ್ರಗಳನ್ನು ತುಂಬುತ್ತಿದ್ದರು. ಹಿರಿಯನ ಹಾಳೆಯ ಅಂಚಿನಲ್ಲಿ ಸಣ್ಣ ಗೆರೆಗಳಿಂದ ಗುರುತು ಮಾಡಿದ ಟೈಮಿಂಗ್ ಚಾರ್ಟ್ ಇರುತ್ತಿತ್ತು: ಗೆರೆಗಳು ಒತ್ತಾಗಿರುವ ಕಡೆ ಚಲನೆ ನಿಧಾನ, ದೂರದೂರವಿರುವ ಕಡೆ ವೇಗ. ಕೀಫ್ರೇಮ್‌ಗಳ ಚರ್ಚೆಯಲ್ಲಿ ಭಂಗಿಗೆ ಸಲ್ಲುವ ಗಮನ ಈ ಅಂಚಿನ ಗೆರೆಗಳಿಗೆ ಸಲ್ಲುವುದು ಕಡಿಮೆ. ವಾಸ್ತವದಲ್ಲಿ ಅದೇ ಎರಡು ಭಂಗಿಗಳು ಭಾರವಾದ ಕಲ್ಲಿನ ಚಲನೆಯಾಗಿಯೋ ಹಗುರವಾದ ಗರಿಯ ಚಲನೆಯಾಗಿಯೋ ಕಾಣುವುದನ್ನು ತೀರ್ಮಾನಿಸುತ್ತಿದ್ದುದು ಆ ಗೆರೆಗಳೇ. ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲಂಸ್ ಡಿವಿಜನ್‌ಗೆ ಬಂದು ಅಲ್ಲಿನ ಕಲಾವಿದರಿಗೆ ತರಬೇತಿ ನೀಡಿದ ಮೇಲೆ ಸ್ಟುಡಿಯೋದ ಈ ಕಾರ್ಯವಿಧಾನ ಭಾರತಕ್ಕೂ ಬಂದಿತು.

ಸಹಾಯಕರ ಕೆಲಸವನ್ನು ಯಂತ್ರಕ್ಕೆ ವಹಿಸುವ ಯತ್ನ ಫಲಿಸಿದ್ದು ಕೆನಡಾದ ಒಟ್ಟಾವಾದಲ್ಲಿ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ನೆಸ್ಟರ್ ಬರ್ಟ್ನಿಕ್ 1969ರಲ್ಲಿ ಕ್ಯಾಲಿಫೋರ್ನಿಯಾದ ಸಮ್ಮೇಳನವೊಂದರಲ್ಲಿ ಡಿಸ್ನಿಯ ಕಲಾವಿದರೊಬ್ಬರು ಈ ಶ್ರಮವಿಭಜನೆಯನ್ನು ವಿವರಿಸಿದ್ದನ್ನು ಕೇಳಿ, ಮಧ್ಯದ ಚಿತ್ರಗಳನ್ನು ಕಂಪ್ಯೂಟರಿನಿಂದಲೇ ಬರೆಸಬಹುದೆಂದು ಕಂಡುಕೊಂಡರು. ಸಹೋದ್ಯೋಗಿ ಮಾರ್ಸೆಲಿ ವೈನ್ ಜೊತೆ ಅವರು ರಚಿಸಿದ ವ್ಯವಸ್ಥೆಯ ವಿವರ 1971ರಲ್ಲಿ ಪ್ರಕಟವಾಯಿತು. ಕಲಾವಿದ ರೇಖಾಚಿತ್ರದ ಎರಡು ಸ್ಥಿತಿಗಳನ್ನು ಕೊಟ್ಟರೆ, ಮೊದಲನೆಯದರ ಪ್ರತಿ ಗೆರೆಯನ್ನು ಎರಡನೆಯದರ ಅನುಗುಣವಾದ ಗೆರೆಗೆ ಜೋಡಿಸಿ, ನಡುವಿನ ಸ್ಥಾನಗಳನ್ನು ಲೆಕ್ಕಹಾಕುವುದು ಅದರ ತತ್ತ್ವ. ಹೀಗೆ ಗೊತ್ತಿರುವ ಎರಡು ಬೆಲೆಗಳ ನಡುವಿನ ಬೆಲೆಗಳನ್ನು ಗಣಿತದಿಂದ ಪಡೆಯುವುದಕ್ಕೆ ಇಂಟರ್‌ಪೊಲೇಷನ್ ಎಂದು ಹೆಸರು. ಕೆನಡಾದ ನ್ಯಾಷನಲ್ ಫಿಲಂ ಬೋರ್ಡ್‌ಗಾಗಿ ಪೀಟರ್ ಫೋಲ್ಡೆಸ್ ಇದೇ ವ್ಯವಸ್ಥೆಯಲ್ಲಿ 1971ರಲ್ಲಿ ‘ಮೆಟಾಡೇಟಾ’ವನ್ನೂ 1974ರಲ್ಲಿ ‘ಹಂಗರ್’ ಚಿತ್ರವನ್ನೂ ಮಾಡಿದರು. ಎರಡನೆಯದು ಕಾನ್ ಉತ್ಸವದಲ್ಲಿ ತೀರ್ಪುಗಾರರ ಬಹುಮಾನ ಪಡೆದು ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ತಾಂತ್ರಿಕವಾಗಿ ಯಂತ್ರ ಇಲ್ಲಿ ಸಹಾಯಕನಿಗಿಂತ ದಡ್ಡವಾಗಿತ್ತು: ಬಿಂದುಗಳನ್ನು ನೇರದಾರಿಯಲ್ಲಿ ಸಾಗಿಸುವುದರಿಂದ, ತೋಳು ತಿರುಗಬೇಕಾದಲ್ಲಿ ನಡುವೆ ಗಿಡ್ಡವಾಗಿ ಮತ್ತೆ ಉದ್ದವಾಗುತ್ತದೆ. ‘ಹಂಗರ್’ನಲ್ಲಿ ತಿನ್ನುತ್ತ ಉಬ್ಬುವ ಮನುಷ್ಯನ ಕಥೆಗೆ ಆ ಕರಗುವ, ರೂಪಾಂತರಗೊಳ್ಳುವ ಗೆರೆಗಳು ಒಪ್ಪಿದ್ದರಿಂದ ದೋಷವೇ ಶೈಲಿಯಾಯಿತು ಎನ್ನಬಹುದು. ಆಕೃತಿಯೊಳಗೆ ಅಸ್ಥಿಪಂಜರದಂಥ ಚೌಕಟ್ಟನ್ನಿಟ್ಟು ಚಲನೆಯನ್ನು ನಿಯಂತ್ರಿಸುವ ವಿಧಾನವನ್ನು ಬರ್ಟ್ನಿಕ್ ಮತ್ತು ವೈನ್ 1976ರಲ್ಲಿ ಪ್ರಕಟಿಸಿದರು. ಅವರ ಈ ಕೆಲಸಕ್ಕೆ ಆಸ್ಕರ್ ನೀಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಂದದ್ದು 1997ರಲ್ಲಿ.

ಸಮಗತಿಯ ಇಂಟರ್‌ಪೊಲೇಷನ್‌ನ ಇನ್ನೊಂದು ತೊಡಕೆಂದರೆ, ಪ್ರತಿ ಕೀಫ್ರೇಮ್‌ನಲ್ಲಿ ವೇಗ ಥಟ್ಟನೆ ಬದಲಾಗಿ ಚಲನೆ ಮುಗ್ಗರಿಸುವುದು. ಇದಕ್ಕೆ ಪರಿಹಾರ ವಕ್ರರೇಖೆಗಳ ಗಣಿತದಿಂದ ಬಂದಿತು. ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ, ಸಿಟ್ರೋಯೆನ್‌ನ ಪಾಲ್ ದ ಕಾಸ್ಟೆಲ್ಜೋ ಮತ್ತು ರೆನೋದ ಪಿಯರ್ ಬೆಜಿಯೆ ಮೈಕಟ್ಟಿನ ವಿನ್ಯಾಸಕ್ಕಾಗಿ ರೂಪಿಸಿದ್ದ ರೇಖೆಗಳು ಕಾಲದ ಮೇಲಿನ ಬದಲಾವಣೆಯನ್ನು ಬಿಡಿಸಲೂ ಬಳಕೆಯಾದವು. 1984ರಲ್ಲಿ ಡೋರಿಸ್ ಕೊಚಾನೆಕ್ ಮತ್ತು ರಿಚರ್ಡ್ ಬಾರ್ಟೆಲ್ಸ್, ಪ್ರತಿ ಕೀಫ್ರೇಮ್‌ನಲ್ಲಿಯೂ ರೇಖೆಯ ಬಿಗಿತ, ಅಖಂಡತೆ ಮತ್ತು ಓಲುವಿಕೆಯನ್ನು ಬೇರೆಬೇರೆಯಾಗಿ ಹೊಂದಿಸಬಲ್ಲ ಸೂತ್ರವನ್ನು ಕೊಟ್ಟರು.

ಇಷ್ಟರಲ್ಲಿ ಕೀಫ್ರೇಮ್‌ನ ಸ್ವರೂಪವೇ ಬದಲಾಗಿತ್ತು, ಮತ್ತು ಇತಿಹಾಸದ ನಿಜವಾದ ತಿರುವು ಇದೇ. ಕಾಗದದ ಮೇಲೆ ಅದು ಇಡೀ ಚಿತ್ರವಾಗಿದ್ದರೆ, ಕಂಪ್ಯೂಟರಿನಲ್ಲಿ ಒಂದೊಂದು ಗುಣದ ಒಂದು ಬೆಲೆಯಾಯಿತು: ಮೊಣಕೈಯ ಕೋನಕ್ಕೆ ಒಂದು ಕೀಫ್ರೇಮ್, ಭುಜಕ್ಕೆ ಬೇರೊಂದು, ಅದೂ ಬೇರೆಬೇರೆ ಕ್ಷಣಗಳಲ್ಲಿ. ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 1987ರ ಪ್ರಬಂಧದಲ್ಲಿ ಈ ವ್ಯತ್ಯಾಸವನ್ನು ಗುರುತಿಸಿ, ಕೈಯಿಂದ ಬರೆಯುವ ಅನಿಮೇಷನ್ನಿನ ನಿಯಮಗಳನ್ನು ಇಂಥ ವ್ಯವಸ್ಥೆಗೆ ಅನ್ವಯಿಸುವ ಬಗೆಯನ್ನು ವಿವರಿಸಿದರು.

ಮೋಷನ್ ಗ್ರಾಫಿಕ್ಸ್‌ಗೆ ಈ ಕಲ್ಪನೆಯನ್ನು ಸಾಮಾನ್ಯ ಮೇಜಿನ ಕಂಪ್ಯೂಟರಿನಲ್ಲಿ ಒದಗಿಸಿದ್ದು ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶ. ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಲ್ಲಿದ್ದ ಕಂಪನಿ ಆಫ್ ಸೈನ್ಸ್ ಅಂಡ್ ಆರ್ಟ್ ಎಂಬ ಸಣ್ಣ ಸಂಸ್ಥೆ ಇದನ್ನು 1993ರ ಜನವರಿಯಲ್ಲಿ ಹೊರತಂದಿತು. ಅದೇ ವರ್ಷ ಆಲ್ಡಸ್ ಎಂಬ ತಂತ್ರಾಂಶ ಕಂಪನಿ ಆ ಸಂಸ್ಥೆಯನ್ನು ಕೊಂಡಿತು, 1994ರಲ್ಲಿ ಆಲ್ಡಸ್ ಅಡೋಬಿಯಲ್ಲಿ ವಿಲೀನವಾಯಿತು. ಇದರಲ್ಲಿ ಚಿತ್ರದ ಪ್ರತಿಯೊಂದು ಪದರ, ಅಂದರೆ ಲೇಯರ್, ತನ್ನ ಸ್ಥಾನ, ಗಾತ್ರ, ತಿರುಗುವಿಕೆ, ಪಾರದರ್ಶಕತೆಗಳಿಗೆ ಪ್ರತ್ಯೇಕ ಕೀಫ್ರೇಮ್‌ಗಳನ್ನು ಹೊಂದಿರುತ್ತದೆ. ಗುಣದ ಹೆಸರಿನ ಪಕ್ಕದ ಸ್ಟಾಪ್‌ವಾಚ್ ಚಿಹ್ನೆಯನ್ನು ಒತ್ತಿದಾಗ ಮೊದಲನೆಯದು ಹುಟ್ಟುತ್ತದೆ. ಸಮಗತಿಯ ಕೀಫ್ರೇಮ್ ವಜ್ರದಂತೆಯೂ ಬೆಜಿಯೆ ವಕ್ರದ್ದು ಮರಳುಗಡಿಯಾರದಂತೆಯೂ, ಮುಂದಿನ ಕೀಫ್ರೇಮ್‌ವರೆಗೆ ಬೆಲೆಯನ್ನು ಬದಲಿಸದೆ ಹಿಡಿದಿಡುವ ಹೋಲ್ಡ್ ಚೌಕದಂತೆಯೂ ಕಾಣುತ್ತದೆ. ಸ್ಥಾನದ ವಿಷಯದಲ್ಲಿ ಮಾತ್ರ ಇಂಟರ್‌ಪೊಲೇಷನ್ ಎರಡು ಬಗೆ: ವಸ್ತು ಸಾಗುವ ಹಾದಿಯ ಆಕಾರ ಒಂದು, ಆ ಹಾದಿಯಲ್ಲಿ ಅದರ ವೇಗ ಇನ್ನೊಂದು. ಒಂದೇ ಸ್ಥಾನದ ಎರಡು ಕೀಫ್ರೇಮ್‌ಗಳನ್ನಿಟ್ಟು ವಸ್ತುವನ್ನು ನಿಲ್ಲಿಸಲು ಹೋದವರಿಗೆ ಅದು ಸುಮ್ಮನೆ ತುಸು ಸರಿದು ಹಿಂದಿರುಗುವಂತೆ ಕಾಣುವುದು ಇದರಿಂದಲೇ; ಹಾದಿ ತಾನಾಗಿ ವಕ್ರವಾಗುವಂತೆ ತಂತ್ರಾಂಶ ಮೊದಲೇ ಹೊಂದಿಸಿರುತ್ತದೆ.

ಆಫ್ಟರ್ ಎಫೆಕ್ಟ್ಸ್‌ನ 2006ರ ಏಳನೆಯ ಆವೃತ್ತಿಯಲ್ಲಿ ಬಂದ ಗ್ರಾಫ್ ಎಡಿಟರ್, ಬೆಲೆಯನ್ನೂ ವೇಗವನ್ನೂ ಕಾಲದ ಎದುರು ರೇಖೆಯಾಗಿ ತೋರಿಸಿ ಕೈಯಿಂದ ಎಳೆದು ತಿದ್ದಲು ಅವಕಾಶ ಕೊಟ್ಟಿತು. ಹಾಳೆಯಂಚಿನ ಟೈಮಿಂಗ್ ಚಾರ್ಟ್‌ನ ಉತ್ತರಾಧಿಕಾರಿ ಎನ್ನಬಹುದಾದದ್ದು ಇದೇ. ಅದಕ್ಕೂ ಮೊದಲು, 2001ರಲ್ಲಿ, ಎಕ್ಸ್‌ಪ್ರೆಷನ್ ಎಂಬ ಸಣ್ಣ ಸೂತ್ರಗಳು ಸೇರಿಕೊಂಡು, ಒಂದು ಗುಣದ ಬೆಲೆಯನ್ನು ಇನ್ನೊಂದರಿಂದ ಲೆಕ್ಕಹಾಕಿ ಕೀಫ್ರೇಮ್‌ಗಳಿಲ್ಲದೆಯೂ ಚಲನೆ ಸಾಧ್ಯವಾಗಿತ್ತು. ಕೀಫ್ರೇಮ್ ವೆಬ್ಬಿಗೂ ಮೊಬೈಲಿಗೂ ಹರಡಿದೆ: ವೆಬ್ ಪುಟಗಳ ವಿನ್ಯಾಸಭಾಷೆಯಾದ ಸಿಎಸ್‌ಎಸ್‌ನಲ್ಲಿ ಕೀಫ್ರೇಮ್‌ಗಳನ್ನು ಫ್ರೇಮ್ ಸಂಖ್ಯೆಯ ಬದಲು ಒಟ್ಟು ಅವಧಿಯ ಶೇಕಡಾವಾರು ಪ್ರಮಾಣದಲ್ಲಿ ಬರೆಯುತ್ತಾರೆ, ಆದ್ದರಿಂದ ಅವಧಿಯನ್ನು ಹಿಗ್ಗಿಸಿದರೂ ಅವುಗಳ ಪರಸ್ಪರ ಅಂತರ ಕೆಡುವುದಿಲ್ಲ; ಏರ್‌ಬಿಎನ್‌ಬಿ 2017ರಲ್ಲಿ ಬಿಡುಗಡೆ ಮಾಡಿದ ಲಾಟೀ ಎಂಬ ತಂತ್ರಾಂಶ, ಆಫ್ಟರ್ ಎಫೆಕ್ಟ್ಸ್‌ನ ಕೀಫ್ರೇಮ್‌ಗಳನ್ನು ವಿಡಿಯೋ ಆಗಿಸದೆ ದತ್ತಾಂಶವಾಗಿಯೇ ರವಾನಿಸುವುದರಿಂದ, ನಡುವಿನ ಚಿತ್ರಗಳನ್ನು ತುಂಬುವ ಕೆಲಸ ನೋಡುಗನ ಮೊಬೈಲ್‌ನಲ್ಲೇ ನಡೆಯುತ್ತದೆ.